ಕುದುರೆಯ ಹೆಜ್ಜೆ, ಮಗುವಿನ ಮಾತು

ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಅಶ್ವಕೇಂದ್ರವಿದೆ. ಇಲ್ಲಿನ ಕುದುರೆಗಳು ಪಂದ್ಯಕ್ಕೆ ಓಡುವವಲ್ಲ. ನಡೆಯಲು, ಮಾತನಾಡಲು, ಇತರರೊಡನೆ ಬೆರೆಯಲು ಕಷ್ಟಪಡುವವರಿಗೆ ನೆರವಾಗುವುದೇ ಅವುಗಳ ಕೆಲಸ. ಇದನ್ನು ಅಶ್ವಸಹಾಯಿತ ಚಿಕಿತ್ಸೆ ಎಂದು ಕರೆಯಬಹುದು.

ಕೇಂದ್ರಕ್ಕೆ ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರಿಡಲಾಗಿದೆ. 1947ರಲ್ಲಿ ಜನಿಸಿದ ಈಕೆಗೆ ಆಟಿಸಂ ಇತ್ತು. ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ವಸತಿಶಾಲೆಯ ದಿನಗಳಲ್ಲಿ ಅವರಿಗೆ ಆಸರೆಯಾದದ್ದು ಅಲ್ಲಿನ ಕುದುರೆಗಳ ಒಡನಾಟ. ಮುಂದೆ ಪಶುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಇದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ ಲೋಕಪ್ರಸಿದ್ಧರಾದರು.

ವಿಶ್ವವಿದ್ಯಾಲಯಕ್ಕೆ ಇಂಥ ಕೆಲಸವೇಕೆ ಎಂಬ ಪ್ರಶ್ನೆ ಸಹಜ. 1862ರ ಕಾನೂನಿನ ನೆರವಿನಿಂದ ಬೆಳೆದ ಅಮೆರಿಕದ ಕೃಷಿ ಶಿಕ್ಷಣ ಸಂಸ್ಥೆಗಳ ಸಾಲಿಗೆ ಸೇರಿದ ವಿದ್ಯಾಲಯವಿದು. ಕಲಿತದ್ದನ್ನು ಊರಿಗೆ ಮುಟ್ಟಿಸುವುದೂ ಅಂಥ ಸಂಸ್ಥೆಗಳ ಹೊಣೆ ಎಂಬುದು 1914ರ ಇನ್ನೊಂದು ಕಾನೂನಿನಿಂದ ಗಟ್ಟಿಯಾಯಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಯನ್ನು ಬಲ್ಲವರಿಗೆ ಈ ಭಾವನೆ ಅಪರಿಚಿತವಲ್ಲ. ರೈತನ ಹೊಲಕ್ಕೆ ಬೀಜ, ಸಲಹೆ ತಲುಪುವಂತೆ, ಇಲ್ಲಿ ಅಶ್ವವಿಜ್ಞಾನದ ತಿಳಿವಳಿಕೆ ಮಗುವಿನ ಬಳಿಗೆ ತಲುಪುತ್ತದೆ.

ಕುದುರೆಯೇ ಏಕೆ? ಅದು ನಿಧಾನವಾಗಿ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಲಯಬದ್ಧವಾಗಿ ಚಲಿಸುತ್ತದೆ. ಮೇಲೆ ಕುಳಿತವರ ಸೊಂಟಕ್ಕೆ ಆಗುವ ಚಲನೆ ಮನುಷ್ಯನ ನಡಿಗೆಯನ್ನೇ ಹೋಲುತ್ತದೆ. ಹೀಗಾಗಿ ಸ್ವತಃ ನಡೆಯಲಾರದ ಮಗುವಿನ ದೇಹಕ್ಕೂ ನಡಿಗೆಯ ಅನುಭವ ದೊರೆಯುತ್ತದೆ. ಹೆಜ್ಜೆ ಹೆಜ್ಜೆಗೂ ಸಮತೋಲ ಕಾಯ್ದುಕೊಳ್ಳಬೇಕಾದ್ದರಿಂದ ಬೆನ್ನು ಹೊಟ್ಟೆಯ ಸ್ನಾಯುಗಳು ದುಡಿಯುತ್ತವೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೊಗೆ ತುತ್ತಾಗಿ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡರು. ಕುದುರೆ ಹತ್ತಲು, ಇಳಿಯಲು ಇತರರ ನೆರವು ಬೇಕಿದ್ದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಅಶ್ವಾರೋಹಣದಲ್ಲಿ ಬೆಳ್ಳಿಪದಕ ಗೆದ್ದರು. ಅಂಗವೈಕಲ್ಯವುಳ್ಳವರ ಸವಾರಿ ತರಬೇತಿಗೆ ಯೂರೋಪು, ಅಮೆರಿಕಗಳಲ್ಲಿ ಆ ಗೆಲುವು ದೊಡ್ಡ ಪ್ರೇರಣೆಯಾಯಿತು.

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಒಂದರಲ್ಲಿ ತರಬೇತಾದ ಶಿಕ್ಷಕರು ಸವಾರಿಯನ್ನೇ ಕಲಿಸುತ್ತಾರೆ. ಇನ್ನೊಂದರಲ್ಲಿ ಪರವಾನಗಿ ಪಡೆದ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ವಾಕ್‌ಚಿಕಿತ್ಸೆಯ ತಜ್ಞರು ಕುದುರೆಯ ಚಲನೆಯನ್ನು ತಮ್ಮ ಚಿಕಿತ್ಸೆಯ ಸಾಧನವಾಗಿ ಬಳಸುತ್ತಾರೆ. ಮೂರನೆಯದರಲ್ಲಿ ಸವಾರಿ ಇರಲೇಬೇಕೆಂದಿಲ್ಲ. ಕುದುರೆಗೆ ಮೈ ಉಜ್ಜುವುದು, ಮೇವು ಕೊಡುವುದು, ಜೊತೆಯಲ್ಲಿ ನಡೆಯುವುದು, ಇವುಗಳ ಮೂಲಕ ಮನಸ್ಸಿಗೆ ನೆಮ್ಮದಿಯನ್ನೂ ನಡವಳಿಕೆಗೆ ಹದವನ್ನೂ ತರುವ ಪ್ರಯತ್ನ ನಡೆಯುತ್ತದೆ.

ಆರಂಭದಲ್ಲಿ ಒಂದು ಮಗು ಕುದುರೆಯೇರಿದರೆ ಅದರ ಸುತ್ತ ಮೂವರು ಬೇಕಾಗಬಹುದು: ಹಗ್ಗ ಹಿಡಿದು ಮುಂದೆ ನಡೆಯುವವರೊಬ್ಬರು, ಎರಡೂ ಪಕ್ಕದಲ್ಲಿ ಮಗುವನ್ನು ಕಾಯುವವರಿಬ್ಬರು. ಇವರಲ್ಲದೆ ಚಿಕಿತ್ಸಕರೋ ಶಿಕ್ಷಕರೋ ಬೇರೆ. ಇಷ್ಟು ಕೈಗಳನ್ನು ಒದಗಿಸುವ ಶಕ್ತಿ ವಿಶ್ವವಿದ್ಯಾಲಯಕ್ಕಿದೆ, ಏಕೆಂದರೆ ಅದಕ್ಕೆ ವಿದ್ಯಾರ್ಥಿಗಳಿದ್ದಾರೆ. ಆದರೆ ಕಷ್ಟವೂ ಅಲ್ಲೇ ಇದೆ. ಪರೀಕ್ಷೆ ಮುಗಿದೊಡನೆ ವಿದ್ಯಾರ್ಥಿಗಳು ಊರಿಗೆ ಹೊರಡುತ್ತಾರೆ. ಕುದುರೆಗೆ ಮಾತ್ರ ರಜೆಯಲ್ಲೂ ಹಸಿವಾಗುತ್ತದೆ, ಮಗುವಿನ ಅಗತ್ಯವೂ ರಜೆ ಕೇಳುವುದಿಲ್ಲ. ಒಂದು ಅನುದಾನದಿಂದ ಆರಂಭವಾಗಿ, ಅದು ತೀರಿದೊಡನೆ ನಿಂತುಹೋಗುವ ಕಾರ್ಯಕ್ರಮ ಮಗುವಿಗೆ ಹತ್ತಿಸಿದ ಏಣಿಯನ್ನು ಎಳೆದುಕೊಂಡಂತೆ. ಆದ್ದರಿಂದ ವರ್ಷವಿಡೀ ಇರುವ ಸಿಬ್ಬಂದಿ, ಊರಿನ ಸ್ವಯಂಸೇವಕರು, ಮೇವು, ಲಾಳ, ಪಶುವೈದ್ಯರಿಗೆ ಕಾದಿಟ್ಟ ಹಣ, ಇವೇ ಇಂಥ ಕಾರ್ಯಕ್ರಮದ ಬೆನ್ನೆಲುಬು. ಕುದುರೆಯ ದಣಿವನ್ನೂ ಲೆಕ್ಕ ಹಾಕಬೇಕು. ಬೆನ್ನು ನೋಯುವ ಕುದುರೆಯಿಂದ ಮಗುವಿಗೆ ಒಳಿತಾಗದು.

ಫಲವೇನು? ಆಟಿಸಂ ಇರುವ 6ರಿಂದ 16 ವರ್ಷದ 127 ಮಕ್ಕಳ ಮೇಲೆ ಕೊಲರಾಡೊದಲ್ಲೇ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪು 10 ವಾರ ಸವಾರಿ ಕಲಿಯಿತು. ಇನ್ನೊಂದು ಗುಂಪು ನಿಜವಾದ ಕುದುರೆಯ ಒಡನಾಟವಿಲ್ಲದೆ ಕುದುರೆಗಳ ವಿಷಯವನ್ನಷ್ಟೇ ಕಲಿಯಿತು. ಮೊದಲ ಗುಂಪಿನಲ್ಲಿ ಸಿಡುಕು, ಅತಿಚಟುವಟಿಕೆ ಹೆಚ್ಚು ತಗ್ಗಿದವು. ಆ ಮಕ್ಕಳು ಆಡಿದ ಮಾತುಗಳೂ ಹೆಚ್ಚಿದವು. ಇದು ಆಶಾದಾಯಕ. ಆದರೆ ಆಟಿಸಂ ವಾಸಿಯಾಯಿತೆಂದು ಸಂಶೋಧಕರು ಹೇಳಲಿಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೇಳುವವರನ್ನು ದೂರವಿಡುವುದೇ ಲೇಸು.

ಎಲ್ಲ ಮಕ್ಕಳಿಗೂ ಇದು ಸಲ್ಲದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಅಂಥವರಿಗೆ ಸವಾರಿ ಅಪಾಯಕಾರಿ. ಹತೋಟಿಗೆ ಬಾರದ ಮೂರ್ಛೆರೋಗವಿದ್ದರೂ ಹಾಗೆಯೇ. ವೈದ್ಯರ ಒಪ್ಪಿಗೆಪತ್ರ ಕೇಳದೆ ಮಗುವನ್ನು ಕುದುರೆ ಹತ್ತಿಸುವ ಕೇಂದ್ರದಲ್ಲಿ ನಂಬಿಕೆ ಇಡಬಾರದು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಪಾಠವಿದೆ. ಮಗು ‘ನಡೆ’ ಎಂದರಷ್ಟೇ ಕುದುರೆ ಹೊರಡುವಂತೆ, ‘ನಿಲ್ಲು’ ಎಂದರಷ್ಟೇ ನಿಲ್ಲುವಂತೆ ಮಾಡುವುದು ಈ ಕಲಿಕೆಯ ಜನಪ್ರಿಯ ಕ್ರಮಗಳಲ್ಲೊಂದು. ತನ್ನ ಒಂದು ಮಾತಿಗೆ ಅಷ್ಟು ದೊಡ್ಡ ಪ್ರಾಣಿ ಓಗೊಟ್ಟಾಗ ಮಗುವಿಗೆ ಮಾತಿನ ಬಲ ಅರಿವಾಗುತ್ತದೆ. ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ, ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವಿನ ಬಾಯಿಂದ ಆ ಮೊದಲ ಮಾತು ಕನ್ನಡದಲ್ಲೇ ಬರುವುದು ಸಹಜ. ಚಿಕಿತ್ಸೆಯೂ ಅದೇ ಭಾಷೆಯಲ್ಲಿ ನಡೆಯಬೇಕೆಂದು ಕೇಳುವುದು ಹಟವಲ್ಲ, ಮಗುವಿನ ಹಿತ.

ವಯನಾಡಿನ ಪೂಕೋಡಿನಲ್ಲೂ ಬೀದರಿನಲ್ಲೂ ಪಶುವೈದ್ಯ ವಿಶ್ವವಿದ್ಯಾಲಯಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಆಟಿಸಂ ಅದರಲ್ಲೊಂದು. ಪ್ರಾಣಿಗಳನ್ನು ಬಲ್ಲವರು, ಮಕ್ಕಳ ಚಿಕಿತ್ಸೆ ಬಲ್ಲವರು, ಮಗುವಿನ ಭಾಷೆ ಬಲ್ಲವರು ಒಂದೇ ಅಂಗಳದಲ್ಲಿ ಸೇರುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ, ಕುದುರೆ ಇರಲಿ ಇಲ್ಲದಿರಲಿ, ಯಾವ ಚಿಕಿತ್ಸಾಕೇಂದ್ರದ ಬಾಗಿಲಲ್ಲಿ ನಿಂತರೂ ಪೋಷಕರು ಮೂರು ಪ್ರಶ್ನೆ ಕೇಳಲಿ: ನಡೆಸುವವರ ಅರ್ಹತೆಯೇನು? ಮಗುವಿನ ಪ್ರಗತಿಯನ್ನು ಹೇಗೆ ಅಳೆಯುತ್ತೀರಿ? ಬರುವ ವರ್ಷವೂ ನೀವು ಇಲ್ಲಿರುತ್ತೀರಾ?