ಹೋಸ್ಟಿಂಗ್ ರೀಸೆಲ್ಲರ್ ಆಗೋ ಮುಂಚೆ ಸೆಕ್ಷನ್ 79 ಓದಿ

ಸ್ವಂತ ಸರ್ವರ್ ಒಂದೂ ಇಲ್ಲದೆ ಹೋಸ್ಟಿಂಗ್ ಕಂಪನಿ ಶುರು ಮಾಡಬಹುದಾ? ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ಅನ್ನೋ ಕಾರಣಕ್ಕೆ ಗೆಳೆಯರು ಇದನ್ನ ನನ್ನ ಹತ್ರ ಕೇಳ್ತಾನೇ ಇರ್ತಾರೆ. ಮಾಡಬಹುದು. ಕಷ್ಟ ಇರೋದು ಶುರು ಮಾಡೋದರಲ್ಲಿ ಅಲ್ಲ.

ವ್ಯವಹಾರ ಸರಳ. ದೊಡ್ಡ ಕಂಪನಿಯಿಂದ ಸಗಟಾಗಿ ಜಾಗ ಬಾಡಿಗೆಗೆ ಹಿಡಿದು ಚಿಲ್ಲರೆಯಾಗಿ ಕೊಡೋದು. 50 ಜಿಬಿ ತಗೊಂಡರೆ 2 ಜಿಬಿಯ 25 ಖಾತೆ. ಖಾತೆಗಳನ್ನು ತೆರೆಯೋ, ಮುಚ್ಚೋ ಪ್ಯಾನೆಲ್ ನಿಮ್ಮ ಕೈಲಿ. ಸಿಪ್ಯಾನೆಲ್ ಗ್ರಾಹಕರ ಕೈಲಿ. ಆದರೆ 'ಅನ್‌ಲಿಮಿಟೆಡ್' ಪ್ಲಾನ್ ಅಂತ ಹಾಕೋ ಮುಂಚೆ ಲೆಕ್ಕ ಹಾಕಿ. 2019ರಲ್ಲಿ ಸಿಪ್ಯಾನೆಲ್ ತನ್ನ ಲೈಸೆನ್ಸ್ ದರವನ್ನು ಖಾತೆಗಳ ಸಂಖ್ಯೆಗೆ ಕಟ್ಟಿಹಾಕಿತು. ಆ ಹೊರೆ ಕೊನೆಗೆ ಚಿಲ್ಲರೆ ಮಾರುವವರ ತಲೆ ಮೇಲೂ ಬರುತ್ತೆ. ಸಾಮಾನ್ಯವಾಗಿ ನಿಮ್ಮ ಗ್ರಾಹಕರೆಲ್ಲ ಒಂದೇ ಐಪಿ ವಿಳಾಸ ಹಂಚಿಕೊಂಡಿರ್ತಾರೆ. ಒಬ್ಬ ಸ್ಪ್ಯಾಮ್ ಕಳಿಸಿದರೆ ಉಳಿದವರ ಮೇಲ್‌ಗಳೂ ಸ್ಪ್ಯಾಮ್ ಫೋಲ್ಡರಿಗೆ ಬೀಳಬಹುದು.

ಬ್ಯಾಕಪ್ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು ಸುಟ್ಟು ಹೋಯ್ತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದಿದ್ದ ಎಷ್ಟೋ ಗ್ರಾಹಕರ ದತ್ತಾಂಶ ಬೂದಿಯಾಯ್ತು. ಬ್ಯಾಕಪ್ ಬೇರೆ ಊರಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯಲ್ಲಿ ಇರಲಿ.

ಈಗ ಯಾರೂ ಹೇಳದ ಭಾಗ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 'ಮಧ್ಯವರ್ತಿ' ಯಾರು ಅಂತ ಪಟ್ಟಿ ಮಾಡುವಾಗ ವೆಬ್ ಹೋಸ್ಟಿಂಗ್ ಸೇವೆ ಕೊಡುವವರನ್ನೂ ಹೆಸರಿಸುತ್ತೆ. ಅಂದರೆ ಹುಬ್ಬಳ್ಳಿಯ ಬಾಡಿಗೆ ರೂಮಲ್ಲಿ ಕೂತು 25 ಸೈಟ್ ನೋಡಿಕೊಳ್ಳೋ ನೀವು ಕೂಡ ಗೂಗಲ್ ಥರಾನೇ ಮಧ್ಯವರ್ತಿ. 2021ರ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಪ್ರಕಟಿಸಬೇಕು (ಅದೂ ನೀವೇ ಆಗಿರ್ತೀರಿ ಬಿಡಿ). ಸೈಟ್ ಹ್ಯಾಕ್ ಆದದ್ದು ಗೊತ್ತಾದರೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ 6 ಗಂಟೆಯೊಳಗೆ ವರದಿ ಮಾಡಬೇಕು.

ನಿಮ್ಮ ಗ್ರಾಹಕರಲ್ಲಿ ಒಂದು ಊರಿನ ಸುದ್ದಿತಾಣ ಇದೆ ಅಂದುಕೊಳ್ಳಿ. ಮರಳು ದಂಧೆ ಬಗ್ಗೆ ಬರೀತಾರೆ, ಮಾರನೇ ದಿನ ಯಾರದೋ ವಕೀಲರ ನೋಟಿಸ್ ನಿಮಗೆ ಬರುತ್ತೆ. ಹೆದರಿ ಸೈಟನ್ನೇ ಕೆಳಗಿಳಿಸೋದು ಸುಲಭ. ಆದರೆ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 79ನ್ನು ವಿವರಿಸಿದ್ದು ಹೀಗೆ: ಕೋರ್ಟ್ ಆದೇಶ ಇಲ್ಲವೇ ಸರ್ಕಾರದ ಅಧಿಸೂಚನೆ ಬಂದಾಗಷ್ಟೇ ಮಧ್ಯವರ್ತಿ ತೆಗೆಯಬೇಕು. ಕಾಪಿರೈಟ್ ದೂರಿನ ದಾರಿ ಬೇರೆ. ಉಳಿದಂತೆ, ಖಾಸಗಿ ನೋಟಿಸ್ ಬಂತು ಅಂತ ನೀವೇ ಸೆನ್ಸಾರ್ ಮಂಡಳಿ ಆಗಬೇಕಿಲ್ಲ.

ತೊಡಕು ಏನಂದ್ರೆ, ಸ್ವಿಚ್ ನಿಮ್ಮೊಬ್ಬರ ಕೈಲಿ ಇಲ್ಲ. ಸಗಟು ಕಂಪನಿಗೆ ದೂರು ಹೋದರೆ ಒಂದು ಸೈಟಿನ ಸಲುವಾಗಿ ನಿಮ್ಮ ಇಡೀ ಖಾತೆಯನ್ನೇ ಅಮಾನತು ಮಾಡಬಹುದು. ಉಳಿದ 24 ಸೈಟೂ ಕತ್ತಲಲ್ಲಿ. ಆದ್ದರಿಂದ ದುಡ್ಡು ಕಟ್ಟೋ ಮುಂಚೆ ಅವರ ಅಮಾನತು ಷರತ್ತನ್ನು ಓದಿ, ನೋಟಿಸ್ ಬಂದರೆ ಉತ್ತರಿಸೋಕೆ ಎಷ್ಟು ಗಂಟೆ ಕೊಡ್ತೀರಿ ಅಂತ ಇಮೇಲಲ್ಲಿ ಕೇಳಿ. ಡೊಮೇನನ್ನು ಗ್ರಾಹಕರ ಹೆಸರಲ್ಲೇ ನೋಂದಾಯಿಸಿ, ಪಾಸ್‌ವರ್ಡ್ ಅವರ ಕೈಗೇ ಕೊಡಿ. ನಾಳೆ ನಿಮ್ಮ ಖಾತೆ ಮುಚ್ಚಿದರೂ ಅವರು ಬ್ಯಾಕಪ್ ಹಿಡ್ಕೊಂಡು ಬೇರೆ ಸರ್ವರಿಗೆ ಹೋಗೋ ಹಾಗಿರಬೇಕು.