ದೇವರ ಕುಲ ಕೇಳಿದ ನಿಘಂಟುಗಳು

ಮಣ್ಣಗುಡ್ಡದಲ್ಲಿ ಆಟೋ ಹತ್ತಿದರೆ ಬಲ್ಲಾಳ್‌ಬಾಗ್, ಪಿವಿಎಸ್, ಬಂಟ್ಸ್ ಹಾಸ್ಟೆಲ್ ದಾಟಿ ಬಲ್ಮಠ ಗುಡ್ಡ ಸೇರಲು ಹೆಚ್ಚು ಹೊತ್ತು ಬೇಡ, ಟ್ರಾಫಿಕ್ ದಯೆ ತೋರಿದರೆ. ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಬಾಸೆಲ್ ಮಿಶನ್ ಕಾಲದ ಕನ್ನಡ, ತುಳು ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿದೆ. ಕಿಟೆಲ್ ನಿಘಂಟು, ‘ಮಂಗಳೂರ ಸಮಾಚಾರ’ ಪತ್ರಿಕೆ ಎಂದು ಹುಡುಕಿಕೊಂಡು ಹೋಗುವವರು ಬಹಳ. ಧರ್ಮಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಒಂದು ಕಸುಬೂ ಇದೇ ಗುಡ್ಡದಲ್ಲಿ ನಡೆದಿತ್ತೆಂಬುದು ಅಷ್ಟಾಗಿ ಯಾರ ಮಾತಿಗೂ ಬರುವುದಿಲ್ಲ.

ಆ ಕಸುಬಿನ ತಾಯಿಬೇರು ಭಾಷೆಯಲ್ಲಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಭಾಷೆಗಳಿಗೆ ಕುಲವಿದ್ದರೆ ದೇವರಿಗೂ ಇರಬೇಕಲ್ಲ? ವೇದದ ದ್ಯೌಃ ಪಿತರ್, ಗ್ರೀಕರ ಜ್ಯೂಸ್ ಪಾಟೆರ್, ರೋಮಿನ ಜುಪಿಟರ್ ಒಂದೇ ಹೆಸರು ಎಂದು ಸಾರಿದ ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಲಂಡನ್ನಿನಲ್ಲಿ ಧರ್ಮವಿಜ್ಞಾನದ ಮೇಲೆ ಉಪನ್ಯಾಸ ಕೊಟ್ಟರು. ಅವರು ಧರ್ಮಗಳನ್ನು ವಿಂಗಡಿಸಿದ್ದೂ ಭಾಷೆಗಳ ಲೆಕ್ಕದಲ್ಲೇ: ಆರ್ಯ, ಸೆಮಿಟಿಕ್, ತುರಾನಿಯನ್. ದ್ರಾವಿಡ ಭಾಷೆಗಳನ್ನು ತಳ್ಳಿದ್ದು ಈ ಮೂರನೆಯ ಗೋದಾಮಿಗೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ (1856) ಕಾಲ್ಡ್‌ವೆಲ್ ಕೂಡ ಅದೇ ಪುಸ್ತಕದಲ್ಲಿ ದ್ರಾವಿಡರ ಪ್ರಾಚೀನ ಧರ್ಮದ ಚರ್ಚೆಗಿಳಿದು, ತಿರುನೆಲ್ವೇಲಿ ಸೀಮೆಯ ಭೂತಾರಾಧನೆಗೂ ಸೈಬೀರಿಯದ ಶಾಮನರಿಗೂ ನಂಟು ಹಚ್ಚಿದರು. ವಿಭಕ್ತಿ ಪ್ರತ್ಯಯದಿಂದ ದೇವರ ಗುಡಿಗೆ ಒಂದೇ ನೆಗೆತ!

ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಉದ್ದೇಶ ಮತಪ್ರಚಾರ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಎದುರಿಗಿರುವವನ ದೇವರನ್ನು ಅಲ್ಲಗಳೆಯಬೇಕಾದರೂ ಮೊದಲು ಅವನ ಪುರಾಣ ಓದಬೇಕು. ಮಿಶನ್ನಿನ ಮೊಗ್ಲಿಂಗ್ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ದಾಸರ ಪದ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟೆಲ್ 1872ರಲ್ಲಿ ಯಜ್ಞದ ಬಗ್ಗೆ ಪುಸ್ತಕ ಬರೆದರು. 1876ರಲ್ಲಿ, ಭಾರತದಲ್ಲಿ ಲಿಂಗಪೂಜೆ ಎಲ್ಲಿಂದ ಬಂತೆಂದು ಜರ್ಮನ್ ಭಾಷೆಯಲ್ಲಿ ವಿಚಾರಿಸುವ ಅವರ ಕೃತಿ ಮಂಗಳೂರಿನಲ್ಲೇ ಮುದ್ರಣವಾಯಿತು. ಸಂಸ್ಕೃತ ನಿಘಂಟುಗಳಲ್ಲಿ ಅವಿತ ದ್ರಾವಿಡ ಪದಗಳನ್ನು ಹೆಕ್ಕುವ ಕೆಲಸವೂ ಅದರ ಜೊತೆಗೇ ಸಾಗಿತ್ತು. 1894ರ ಅವರ ನಿಘಂಟು ತೆರೆದರೆ ಕನ್ನಡ ಪದದ ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳಂ, ತುಳು ನೆಂಟರು ಕಾಣಸಿಗುತ್ತಾರೆ. ನನಗೆ ಕಿಟೆಲರ ಧರ್ಮಚರ್ಚೆಗಿಂತ ಈ ಪುಟಗಳ ಮೇಲೇ ಹೆಚ್ಚು ಭರವಸೆ. ಧರ್ಮದ ವಿಷಯದಲ್ಲಿ ತೀರ್ಪು ಮೊದಲೇ ಸಿದ್ಧವಿತ್ತು. ಪದದ ವಿಷಯದಲ್ಲಿ ಅವರು ಕಾದು ನೋಡಿದರು.

ತುಳುವಿನ ಪಾಲಿಗೆ ಈ ಕೆಲಸ ಮಾಡಿದವರು ಮಿಶನ್ನಿನವರೇ ಆದ ಆಗಸ್ಟ್ ಮ್ಯಾನರ್. 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನೂ, ಕನ್ನಡ ಲಿಪಿಯಲ್ಲಿ ಪಾಡ್ದನಗಳೆಂಬ ತುಳು ಕಥನಗೀತೆಗಳನ್ನೂ ಹೊರತಂದರು. ಜಿಲ್ಲಾ ನ್ಯಾಯಾಧೀಶ ಬರ್ನೆಲ್ ಕೂಡಿಟ್ಟ ಭೂತಾರಾಧನೆಯ ಸಾಮಗ್ರಿ ಅವರು ತೀರಿಹೋದ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಕಂತಾಗಿ ಬಂತು. ಅದಕ್ಕಿಟ್ಟ ತಲೆಬರಹ ‘ತುಳುವರ ಸೈತಾನಪೂಜೆ’ ಎಂಬ ಅರ್ಥದ್ದು. ದೈವದ ಎದುರು ಕೈಮುಗಿದು ನ್ಯಾಯ ಕೇಳುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ? ಹಾಗೆಂದು ಆ ಸಂಚಿಕೆಗಳನ್ನು ಬದಿಗಿಡುವಂತೆಯೂ ಇಲ್ಲ. ಬಾಯಿಂದ ಬಾಯಿಗೆ ಬಂದ ಎಷ್ಟೋ ಪಾಡ್ದನಗಳ ಹಳೆಯ ಪಾಠ ಅಲ್ಲಿವೆ.

ಪಿಲಿಚಾಮುಂಡಿ ಎಂಬ ದೈವವನ್ನೇ ನೋಡಿ. ಹಳಗನ್ನಡದ, ತಮಿಳಿನ ಪುಲಿ ತುಳುವಿನಲ್ಲಿ ಪಿಲಿ. ಕನ್ನಡದಲ್ಲಿ ಪಕಾರ ಹೋಗಿ ಹುಲಿಯಾಯಿತು. ಚಾಮುಂಡಿ ಸಂಸ್ಕೃತ ಪುರಾಣದವಳು. ಹೆಸರನ್ನು ಬಿಡಿಸಿದವನಿಗೆ ಎರಡು ಭಾಷಾಕುಲ ಸಿಗುತ್ತವೆ. ಇಷ್ಟರಿಂದಲೇ ಒಂದು ದ್ರಾವಿಡ ದೈವಕ್ಕೆ ಆರ್ಯ ದೇವಿಯನ್ನು ಅಂಟಿಸಿದರು ಎಂದು ಹತ್ತೊಂಬತ್ತನೆಯ ಶತಮಾನದ ಪಂಡಿತ ತೀರ್ಮಾನಿಸಿಬಿಡುತ್ತಿದ್ದ. ಆದರೆ ನೇಮದ ರಾತ್ರಿ ದೈವ ಕಟ್ಟುವವರಿಗೂ ನುಡಿ ಕೇಳುವವರಿಗೂ ಅವಳು ಒಬ್ಬಳೇ. ಪದದ ಚರಿತ್ರೆ ನಿಜ, ನಂಬಿಕೆಯ ಚರಿತ್ರೆ ಅದರ ಬೆನ್ನಿಗೇ ಬರಬೇಕೆಂದಿಲ್ಲ.

ಮುಂದೆ ಈ ಕೆಲಸ ಮಿಶನ್ ಕೈಯಿಂದ ಊರವರ ಕೈಗೆ ಬಂತು. ಮರಿಯಪ್ಪ ಭಟ್ಟರು ಕಿಟೆಲ್ ಕೋಶವನ್ನು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದಿಂದ ತಂದರು. ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು (1988–97) ಬಂತು. ಮ್ಯಾನರ್ ಕೋಶವನ್ನು ಓದುವವರು ಇದನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.