ಗುಜರಿಯ ಬೆನ್ನು ಹತ್ತಿದ ಟ್ರ್ಯಾಕರ್

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ರೇಡಿಯೊ ಕೆಟ್ಟರೆ ರಿಪೇರಿ ಅಂಗಡಿ ಸೇರುತ್ತಿದ್ದ ಕಾಲವೊಂದಿತ್ತು. ಮಾಲೀಕರ ಹೆಸರಿನ ಚೀಟಿ ಅಂಟಿಸಿಕೊಂಡು ವಾರಗಟ್ಟಲೆ ಅಲ್ಲೇ ಕೂತಿದ್ದು, ಕೊನೆಗೆ ಮನೆಗೇ ಮರಳುತ್ತಿತ್ತು. ಈಗ ಟಿವಿ, ಕಂಪ್ಯೂಟರ್‌ಗಳು ಗುಜರಿಯವರ ಗಾಡಿ ಹತ್ತುತ್ತವೆ. ರೊಕ್ಕ ಕೈಗೆ ಬಿದ್ದ ಮೇಲೆ ಅವುಗಳ ಗತಿ ಯಾರಿಗೂ ಬೇಕಿಲ್ಲ.

ಆ ಗತಿ ಏನೆಂದು ಹುಡುಕಿ ಹೊರಟ ಕಥೆ ಅಮೆರಿಕದ ಸಿಯಾಟಲ್‌ನದು. 2009ರಲ್ಲಿ ಎಂಐಟಿ ಸಂಶೋಧಕರು ಅಲ್ಲಿನ ಸುಮಾರು 3,000 ಕಸದ ವಸ್ತುಗಳಿಗೆ ಟ್ರ್ಯಾಕರ್ ಅಂಟಿಸಿ ಬಿಟ್ಟರು. ಅವರದು ಕುತೂಹಲ. ಅದನ್ನು ಪತ್ತೇದಾರಿಕೆಯಾಗಿಸಿದವರು ಅದೇ ಊರಿನ ಜಿಮ್ ಪಕೆಟ್. ಅವರ ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಸಂಸ್ಥೆ 2014ರಿಂದ ಸುಮಾರು 200 ಹಳೆಯ ಮಾನಿಟರ್, ಪ್ರಿಂಟರ್‌ಗಳ ಹೊಟ್ಟೆಯಲ್ಲಿ ಟ್ರ್ಯಾಕರ್ ಬಚ್ಚಿಟ್ಟಿತು. ಮೂರರಲ್ಲೊಂದು ಪಾಲು ಕಡಲು ದಾಟಿತು. ಪಕೆಟ್ ಸುಳಿವು ಹಿಡಿದು ಹಾಂಗ್‌ಕಾಂಗ್‌ನ ಗುಜರಿ ಅಂಗಳಗಳಿಗೇ ಹೋದರು. ಅಲ್ಲಿ ಕೂಲಿಗಳು ಪಾದರಸವಿರುವ ಪರದೆಯ ದೀಪಗಳನ್ನು ಸರಿಯಾದ ರಕ್ಷಣೆಯಿಲ್ಲದೆ ಒಡೆಯುತ್ತಿದ್ದರು.

ಸಿಕ್ಕಿಬಿದ್ದವರಲ್ಲಿ ಸಿಯಾಟಲ್‌ನ ಟೋಟಲ್ ರಿಕ್ಲೇಮ್ ಎಂಬ ಮರುಬಳಕೆ ಕಂಪನಿಯೂ ಇತ್ತು. ತಮಾಷೆಯೆಂದರೆ, ಹೊಣೆಯರಿತ ಮರುಬಳಕೆಗೆಂದು ಪಕೆಟ್ ಸಂಸ್ಥೆಯೇ ರೂಪಿಸಿದ 'ಇ-ಸ್ಟೀವರ್ಡ್ಸ್' ಪ್ರಮಾಣಪತ್ರ ಅದರ ಬಳಿಯಿತ್ತು! ಪ್ರಶ್ನೆ ಎದ್ದಾಗ ಕಂಪನಿಯವರು ದಾಖಲೆ ತಿದ್ದಿದರು. 2019ರಲ್ಲಿ ಇಬ್ಬರು ಮಾಲೀಕರಿಗೂ 28 ತಿಂಗಳ ಜೈಲಾಯಿತು.

ನಮ್ಮಲ್ಲೂ ಕಾಗದಕ್ಕೆ ಬರವಿಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ ದಾಬಸ್‌ಪೇಟೆಯಲ್ಲಿ ಶುರುವಾದದ್ದು 2005ರಲ್ಲಿ. ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದದ್ದು 2012ರಲ್ಲಿ. 2023ರ ಏಪ್ರಿಲ್‌ನಿಂದ ಮರುಬಳಕೆ ಘಟಕಗಳು ಕೊಡುವ ಪ್ರಮಾಣಪತ್ರವನ್ನು ತಯಾರಕರು ಕೊಂಡು ಹಳೆಯ ಸಾಧನಗಳ ಮರುಬಳಕೆಯ ಹೊಣೆ ತೀರಿಸಬಹುದು. ಭೀಮಾ ತೀರದ ಟಿವಿಗೂ ಆ ಕಾಗದಕ್ಕೂ ನಡುವೆ ಎಷ್ಟು ಕೈಗಳೋ!

ಹಾಗೆಂದು ಪ್ರತಿ ಟಿವಿಗೂ ಟ್ರ್ಯಾಕರ್ ಹಾಕಲಾಗದು. ಬ್ಯಾಟರಿ ಮುಗಿಯುತ್ತದೆ, ಕಬ್ಬಿಣದ ಕಂಟೇನರ್‌ನಲ್ಲಿ ಸಿಗ್ನಲ್ ಸಾಯುತ್ತದೆ, ಕೊನೆಗೆ ಟ್ರ್ಯಾಕರೂ ಇ-ತ್ಯಾಜ್ಯವೇ. ಇನ್ನೊಂದು ತೊಡಕು ದೊಡ್ಡದು: ಗಾಡಿಯ ಜೊತೆ ಗಾಡಿಯವರ ಮನೆ, ಓಣಿಗಳೂ ನಕಾಶೆಗೆ ಬೀಳುತ್ತವೆ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಆ ಹಕ್ಕು ಗುಜರಿ ಆಯುವವರಿಗೂ ಸೇರಿದ್ದು.

ಪ್ರಮಾಣಪತ್ರ ಮಾರುವ ಘಟಕಗಳಿಗೆ ಆಗಾಗ ನಾಲ್ಕಾರು ಟ್ರ್ಯಾಕರ್ ಹೋಗಲಿ. ಟೋಟಲ್ ರಿಕ್ಲೇಮ್‌ನ ಕಳ್ಳಾಟ ಬಯಲಾಗಲು ಅಂಥ ಕೆಲವೇ ಸಾಕಾದವು. ಗಾಡಿಯವರನ್ನು ಬಿಟ್ಟುಬಿಡಿ. ಅವರು ಯಾರಿಗೂ ಪ್ರಮಾಣಪತ್ರ ಕೊಟ್ಟವರಲ್ಲ.